ಬಹುಮತದಿಂದ ಹೋದ ಕುರ್ಚಿ

ಗುರುವಾರ, ಹನ್ನೆರಡನೇ ತಾರೀಖು

ಮಂಚದ ಅಂಚಿನಲ್ಲಿ ಕೂತು ಬರೀತಿದ್ದೀನಿ, ಬೆನ್ನು ನೋಯ್ತಿದೆ. ಕುರ್ಚಿ ಹೋಯ್ತು.

ಸರ್ಕಾರವನ್ನ ಬೈಯುವವರ ಸಭೆಗೆ ಮೈದಾನ ಕೊಡಬಾರದು ಅನ್ನೋ ಕಾನೂನಿನ ವಿಚಾರಣೆ ಇವತ್ತು ನನ್ನ ಪೀಠದ ಮುಂದಿತ್ತು. "ಇದು ಜನ ಆರಿಸಿದವರು ಬಹುಮತದಿಂದ ಮಾಡಿದ ಕಾನೂನು. ತಮ್ಮನ್ನ ಯಾರು ಆರಿಸಿದ್ದು, ಸ್ವಾಮಿ?" ಅಂದರು ಸರ್ಕಾರಿ ವಕೀಲರು. "ಬಹುಮತ ಇದೆ ಅಂತ ಒಬ್ಬನ ಹಕ್ಕು ಕಿತ್ತುಕೊಳ್ಳೋಕಾಗಲ್ಲ. ಅದನ್ನ ತಡೆಯೋಕೇ ಸಂವಿಧಾನ ನಮ್ಮನ್ನ ಇಲ್ಲಿ ಕೂರಿಸಿರೋದು" ಅಂದೆ. ಕಿರಿಯ ವಕೀಲರು ತಲೆದೂಗಿದರು. ನಾನೂ ಸ್ವಲ್ಪ ಉಬ್ಬಿದೆ.

ಮನೆಗೆ ಬಂದರೆ ಹೆಂಡತಿ, ಮಗಳು, ಮಗ ಕೈ ಎತ್ತಿ ನಿರ್ಣಯ ಮಾಡಿ ಕೂತಿದ್ದಾರೆ: ಕಿರುಗುಡುವ ನನ್ನ ಓದುವ ಕುರ್ಚಿ ಗುಜರಿಗೆ! "ಇದು ಅಸಿಂಧು" ಅಂದೆ. "ಅಪ್ಪಾ, ನಿಮ್ಮನ್ನ ಯಾರು ಆರಿಸಿದ್ದು?" ಅಂದಳು ಮಗಳು. ಬೆಳಿಗ್ಗೆಯ ಉತ್ತರ ಬಾಯಿಗೆ ಬರುವಷ್ಟರಲ್ಲಿ ಹೆಂಡತಿ, "ನಿಮ್ಮ ಕೇಸಿಗೆ ನೀವೇ ಜಡ್ಜಾ?" ಅಂದಳು. ಕಾನೂನು ಅವಳ ಕಡೆಗಿತ್ತು.

ಕೇಸು ಅಮ್ಮನ ಹತ್ತಿರ ಹೋಯ್ತು. ಅಮ್ಮ ಅದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಎರಡೂ ಕಡೆಯ ವಾದಕ್ಕೆ ತಲೆ ಆಡಿಸಿದಳು. "ಗುಜರಿಗೆ ಹಾಕೋದೂ ತಪ್ಪು, ನಡುಮನೇಲಿ ಸದ್ದು ಮಾಡೋದೂ ತಪ್ಪು. ನನ್ನ ರೂಮಲ್ಲಿ ಹಾಕಿ. ನನಗೆ ಹೇಗೂ ಕಿವಿ ಕೇಳಲ್ಲ."

ಬೆಕ್ಕುಗಳ ಜಗಳದಲ್ಲಿ ಬೆಣ್ಣೆ ಯಾರ ಪಾಲಾಯ್ತು ಅಂತ ಎಲ್ಲರಿಗೂ ಗೊತ್ತು. ಆದರೆ ಹೆತ್ತ ತಾಯಿಯನ್ನ ಕೋತಿ ಅನ್ನಬಾರದು.

ಪಕ್ಕದ ರೂಮಿಂದ ಕಿರ್ರ್, ಕಿರ್ರ್. ತೀರ್ಪು ಬರೆಯುವಾಗ ಆ ವಕೀಲರ ಪ್ರಶ್ನೆಗೆ ಇನ್ನೊಂದಿಷ್ಟು ಮರ್ಯಾದೆಯಿಂದ ಉತ್ತರ ಕೊಡಬೇಕು. ಅಲ್ಲ, ಅಮ್ಮನನ್ನ ಯಾರು ಆರಿಸಿದ್ದು ಅಂತ ಒಬ್ಬರಾದರೂ ಕೇಳಿದರಾ...