ಅರವತ್ತೆರಡು ಕಿಲೋ ಮರಳು

ತುಂಗಭದ್ರೆಯ ಕೊನೆಗಟ್ಟೆ
ಇನ್ನೂರ ಹದಿನಾರನೆಯ ಹರಿವು, ನಲವತ್ತೇಳನೆಯ ದಿನ

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಹಾಲವ್ವನ ನಮಸ್ಕಾರಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಮ್ಮ ನದಿಯಲ್ಲಿ ವರ್ಷಕ್ಕೆ ಐವತ್ತು ದಿನ ನೀರು ಓಡುತ್ತದೆ. ಆ ಐವತ್ತು ದಿನಕ್ಕೆ ಹರಿವು ಎಂದು ಹೆಸರು. ಉಳಿದ ದಿನಗಳಿಗೆ ನಾವು ಹೆಸರಿಟ್ಟಿಲ್ಲ. ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆ ಕರೆಯೋಲೆಗಳಿಂದ. ಹಾಗಾಗಿ ಅಲ್ಲಲ್ಲಿ ನಿಮ್ಮನ್ನು ಸಕುಟುಂಬ ಸಪರಿವಾರ ಕರೆಯುವ ಧಾಟಿ ಬಂದೀತು. ಕರೆಯುತ್ತಿಲ್ಲ. ನೀವು ಬಂದರೂ ಕೊಡಲು ಇಲ್ಲಿ ನೀರಿಲ್ಲ.

ತುಂಗೆ ಭದ್ರೆ ಸೇರುವ ಕೂಡಲಿಯಿಂದ ಹೊರಟು, ಐದು ಹಗಲು ಹುಟ್ಟು ಹಾಕಿ ಈ ಕಟ್ಟೆಯನ್ನು ತಲುಪುವುದಕ್ಕೆ ನಾವು ನೀರೋಟ ಎನ್ನುತ್ತೇವೆ. ನೀವು ಮಾಳಿಗೆಯ ಮೇಲೆ ಇಟ್ಟುಕೊಂಡಿದ್ದ ಕರಿಯ ಪ್ಲಾಸ್ಟಿಕ್ ತೊಟ್ಟಿಗಳನ್ನು ಉದ್ದಕ್ಕೆ ಸೀಳಿ, ಎರಡು ತುಂಡು ಜೋಡಿಸಿ ನಮ್ಮ ದೋಣಿ ಮಾಡುತ್ತೇವೆ. ಎಷ್ಟು ಬೆಸೆದರೂ ಜೋಡಣೆಯಲ್ಲಿ ನೀರು ಜಿನುಗುತ್ತದೆ. ಬೋಗುಣಿಯಲ್ಲಿ ಎತ್ತಿ ಚೆಲ್ಲುತ್ತಲೇ ಸಾಗಬೇಕು. ದೋಣಿಗೆ ಇಬ್ಬರು. ಮುಂದೆ ಕೂತವರು ಮುಂಹುಟ್ಟು, ಹಿಂದೆ ಕೂತವರು ಹಿಂಹುಟ್ಟು. ಸಜ್ಜೆ ಉಂಡೆಯ ಗಂಟು ಕೊರಳಿಗೆ ಕಟ್ಟಿಕೊಂಡಿರುತ್ತೇವೆ, ಯಾಕೆಂದರೆ ಮೂರನೆಯ ದಿನದ ಹೊತ್ತಿಗೆ ಕೈ ಬಾಯಿಗೆ ಏಳುವುದಿಲ್ಲ. ತಲುಪಿದವರ ಹೆಸರನ್ನು ಕಟ್ಟೆಯ ಕಲ್ಲಿನಲ್ಲಿ ಕೊರೆಯುತ್ತಾರೆ. ಜೊತೆಗೆ ಹಿಂದಿನ ಕಾಲದವರಿಗೆ ಇಂಥದೊಂದು ಹಿಂಪತ್ರ ಬರೆಯುವ ಹಕ್ಕು ಸಿಗುತ್ತದೆ. ಹೆಚ್ಚಿನವರು ಅದರಲ್ಲಿ ನಿಮ್ಮನ್ನು ಬೈಯುತ್ತಾರೆ.

ನನ್ನ ಮುಂಹುಟ್ಟು ನನ್ನ ಗಂಡ ಬೆನಕಪ್ಪ. ಏಳು ಸಲ ಹೊರಟೆವು, ಒಮ್ಮೆಯೂ ತಲುಪಲಿಲ್ಲ. ಒಮ್ಮೆ ದೋಣಿ ಒಡೆಯಿತು. ಒಮ್ಮೆ ನಾಲ್ಕನೆಯ ದಿನ ನಾನೇ ಕೈಚೆಲ್ಲಿದೆ. ಇನ್ನೊಮ್ಮೆ ಅವರು ದಡದಲ್ಲಿ ಯಾರೋ ಕಲ್ಲಂಗಡಿ ಕೊಯ್ಯುವುದನ್ನು ಕಂಡು ಇಳಿದೇಬಿಟ್ಟರು. ಆ ಮನುಷ್ಯನಿಗೆ ಕಲ್ಲಂಗಡಿ ಎಂದರೆ ಪ್ರಾಣ. ಆದರೂ ಆ ಕಲ್ಲಿನ ಮೇಲೆ ತಮ್ಮ ಹೆಸರು ಇರಬೇಕೆಂಬುದು ಅವರಿಗಿದ್ದ ಒಂದೇ ಆಸೆ. ಈ ಸಲದ ನೀರೋಟಕ್ಕೆ ಹೆಸರು ಕೊಟ್ಟು ತೂಗಿಸಿಕೊಂಡಾಗ ಅರವತ್ತೆರಡು ಕಿಲೋ ಇದ್ದರು. ಆಮೇಲೆ ಕಾಯಿಲೆ ಬಿದ್ದರು. ಹರಿವಿಗೆ ಇಪ್ಪತ್ತು ದಿನ ಮೊದಲು ಹೋದರು.

ಇದಕ್ಕೂ ನಮ್ಮಲ್ಲಿ ಒಂದು ಕಟ್ಟಳೆಯಿದೆ. ಸತ್ತವರ ಜಾಗದಲ್ಲಿ, ಹೆಸರು ಕೊಟ್ಟಾಗ ಅವರು ಇದ್ದಷ್ಟೇ ತೂಕದ ಮರಳನ್ನು ಚೀಲದಲ್ಲಿ ಕೂರಿಸಬೇಕು. ಅದಕ್ಕೆ ಆಳುಮರಳು ಎಂದು ಹೆಸರು. ಕೊನೆಯಲ್ಲಿ ತೂಕ ಸರಿಬಂದರೆ ಇಬ್ಬರೂ ತಲುಪಿದಂತೆ. ಕಟ್ಟಳೆ ಮಾಡಿದ ಕಾಲದಲ್ಲಿ ನದಿಯಲ್ಲಿ ಮರಳಿತ್ತು. ನಾನು ಮರಳು ಕಂಡದ್ದು ಶಾಲೆಯಲ್ಲಿ, ಗಾಜಿನ ಶೀಶೆಯೊಳಗೆ, ಒಂದು ಹಿಡಿ. ಮರಳಿನ ಬದಲು ಮಣ್ಣು ತುಂಬಲೇ ಎಂದು ಕೇಳಿದೆ. ನೀರೋಟದ ತೂಕ ನೋಡುವ ಗೋಣೆಪ್ಪ, "ತೂಕ ತೂಕಾನೇ ಅಲ್ಲೇನವ್ವ, ತುಂಬು," ಅಂದರು. ನಮ್ಮ ಹೊಲದ ಎರೆಮಣ್ಣನ್ನೇ ತುಂಬಿದೆ. ನನ್ನ ಗಂಡ ಉತ್ತ ಮಣ್ಣು, ಒಳ್ಳೆಯದೇ ಆಯಿತೆಂದುಕೊಂಡೆ.

ಐದು ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎರಡನೆಯ ದಿನ ಬೆರಳುಗಳಿಗೆ ಜೋಮು ಹಿಡಿಯಿತು, ಮೂರನೆಯ ದಿನ ಭುಜಕ್ಕೆ. ಆಮೇಲೆ ಒಳಗೂ ಹಾಗೆಯೇ ಆಯಿತು. ದುಃಖವಾಗುತ್ತಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ, ಏನೂ ಆಗುತ್ತಿರಲಿಲ್ಲ. ಹುಟ್ಟು ಹಾಕಿದೆ. ದೋಣಿಯ ತಳದಲ್ಲಿ ನಿಂತ ನೀರನ್ನು ಬೋಗುಣಿಯಲ್ಲಿ ಎತ್ತಿ ಚೆಲ್ಲಿದೆ. ನೀರು ಕಪ್ಪಗಿತ್ತು. ಈ ಸಲ ನದಿ ಬಹಳ ಕದಡಿದೆ ಎಂದುಕೊಂಡೆ.

ಕೊನೆಗಟ್ಟೆಯಲ್ಲಿ ಚೀಲವನ್ನು ನೀರಿಳಿಯಲೆಂದು ತೂಗುಹಾಕಿ ಆಮೇಲೆ ತೂಗಿದರು. ನಲವತ್ತನಾಲ್ಕು. ದಡದ ದಾರಿಯಲ್ಲಿ ಮೊದಲೇ ಬಂದಿದ್ದ ಗೋಣೆಪ್ಪ ಮೂರು ಸಲ ತೂಗಿದರು. "ಮಣ್ಣು ಕರಗ್ತತಿ ಅಂತ ನಂಗೂ ಹೊಳೀಲಿಲ್ಲವ್ವ, ತಪ್ಪಾತು," ಅಂದರು. ಮರಳು ಕರಗುವುದಿಲ್ಲವಂತೆ. ಮರಳೇ ಆಗಬೇಕೆಂದು ಹಿಂದಿನವರು ಹೇಳಿದ್ದು ಅದಕ್ಕೇ. ಮರಳು ನೋಡದ ನಮಗೆ ಅದು ತಿಳಿಯುವುದಾದರೂ ಹೇಗೆ? ಐದು ದಿನ ಬೋಗುಣಿಯಲ್ಲಿ ಎತ್ತಿ ಎತ್ತಿ ಅವರನ್ನು ಹೊರಗೆ ಚೆಲ್ಲಿದವಳು ನಾನೇ. ಕೊನೆಯ ವಾರ ಹಾಸಿಗೆಯಲ್ಲಿ ಅವರು ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ ತೂಕ. ಅದನ್ನು ಹೇಳಿದರೆ ಕಟ್ಟಳೆ ಒಪ್ಪುವುದಿಲ್ಲ, ಹೇಳಲಿಲ್ಲ. ಕಲ್ಲಿನಲ್ಲಿ ನನ್ನ ಹೆಸರೊಂದನ್ನೇ ಕೊರೆದರು. ನಿಂತು ನೋಡಿದೆ, ಅಳು ಬರಲಿಲ್ಲ. ಆಮೇಲೆ ಯಾರೋ ಗಂಜಿ ಕೊಟ್ಟರು, ಕುಡಿದೆ.

ನಾನು ನಿಮ್ಮನ್ನು ಬೈಯುವುದಿಲ್ಲ. ಬೈಯಲು ಬೇಕಾದ ಕಾವು ಈಗ ನನ್ನಲ್ಲಿಲ್ಲ. ಒಂದು ಕೆಲಸ ಹೇಳುತ್ತೇನೆ. ಕೂಡಲಿಯಿಂದ ಕೆಳಗೆ ನದಿ ಮೊದಲು ಹೊರಳುವ ಕಡೆ, ಎಡದಂಡೆಯಲ್ಲಿ, ಆನೆ ಮಲಗಿದಂಥ ಒಂದು ಬಂಡೆಯಿದೆ. ನಿಮ್ಮ ಲಾರಿಗಳು ಮರಳು ತುಂಬಲು ಅಲ್ಲಿಗೆ ಬಂದಾಗ ಆ ಬಂಡೆಯ ಸಂದಿಯಲ್ಲಿ ಅರವತ್ತೆರಡು ಕಿಲೋ ಮರಳು ಬಿಟ್ಟುಹೋಗಿ. ಎರಡು ಚೀಲವೂ ತುಂಬುವುದಿಲ್ಲ, ನಿಮ್ಮ ಮನೆಯ ಗೋಡೆಗೆ ಅದರಿಂದ ಕೊರತೆಯಾಗದು. ಮೇಲೊಂದು ಚಪ್ಪಡಿ ಮುಚ್ಚಿದರೆ ಉಪಕಾರ.

ಬರುವ ಹರಿವಿನ ನೀರೋಟಕ್ಕೆ ಇವತ್ತೇ ಹೆಸರು ಕೊಟ್ಟು ಬಂದೆ. ಹಿಂಹುಟ್ಟು ಹಾಲವ್ವ, ಐವತ್ತೊಂದು ಕಿಲೋ. ಮುಂಹುಟ್ಟು ಬೆನಕಪ್ಪ, ಅರವತ್ತೆರಡು.