ಅಳದ ಕೂಸು

ಬೈಯಪ್ಪನಹಳ್ಳಿ
ಸೋಮವಾರ, 9 ಜೂನ್ 2025

ಅಕ್ಕ ಜಟ್ಟೆಮ್ಮನಿಗೆ ತಂಗಿ ಅಯ್ಯಮ್ಮ ಕಾಲು ಮುಟ್ಟಿ ಮಾಡುವ ಶರಣಾರ್ಥಿ.

ಮೊಮ್ಮಗಳು ಹುಟ್ಟಿದ ಸುದ್ದಿ ಹೇಳಿ ಆಮೇಲೆ ಸುಮ್ಮನಾದೆನೆಂದು ಸಿಟ್ಟಾಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುತ್ತೀ, ಮನೆಮಂದಿಯೆಲ್ಲ ಕೇಳುತ್ತಾರೆ. ಇದು ನಿನಗೊಬ್ಬಳಿಗೇ ಹೇಳುವ ಮಾತು, ಅದಕ್ಕೇ ಕಾಗದ.

ಕೂಸು ಹುಟ್ಟಿದಾಗಿನಿಂದ ಅಳುತ್ತಲೇ ಇರಲಿಲ್ಲ. ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಕುಡಿದು ಮತ್ತೆ ನಿದ್ದೆ. ಮೈಯ ಹಳದಿಯೂ ಇಳಿದಿರಲಿಲ್ಲ. ಪಕ್ಕದ ಮನೆಯ ಶಾಂತಕುಮಾರಿ, "ಏನ್ರೀ ಅಯ್ಯಮ್ಮ, ಮಗು ಇರೋದೇ ಗೊತ್ತಾಗಲ್ವಲ್ಲ! ನಮ್ಮ ತುಂಟ ರಯಾನ್‌ನ ನಿಮ್ಮ ಮೊಮ್ಮಗಳ ಹತ್ರ ಟ್ಯೂಷನ್‌ಗೆ ಕಳಿಸ್ತೀನಿ" ಎಂದು ನಕ್ಕಳು. ನನಗೆ ಹೆಮ್ಮೆ. "ಶಿವಶರಣಿ ಹುಟ್ಯಾಳ" ಎಂದು ದೃಷ್ಟಿ ತೆಗೆದು ವಿಭೂತಿ ಹಚ್ಚಿದೆ.

ಹೆರಿಗೆಯಾದ ಆಸ್ಪತ್ರೆಯಲ್ಲಿ ಕೂಸಿನ ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲೆ ರಕ್ತದ ಹನಿ ಇಳಿಸಿಕೊಂಡಿದ್ದರು. ಅದರಲ್ಲಿ ಏನೋ ದೋಷ ಕಂಡು ಅಲ್ಲಿಂದ ಫೋನ್ ಬಂದಿದೆ. ಗುರುತಿಲ್ಲದ ನಂಬರು, ಸಾಲ ಬೇಕಾ ಎಂದು ಪೀಡಿಸುವವರಿರಬೇಕೆಂದು ಮಗ ಶಿವಪುತ್ರ ಪ್ರತಿ ಸಲವೂ ಕಟ್ ಮಾಡಿದ. ಕೊನೆಗೆ ಆಶಾ ಕಾರ್ಯಕರ್ತೆಯೇ ಮನೆ ಹುಡುಕಿಕೊಂಡು ಬಂದಳು.

ಆಸ್ಪತ್ರೆಗೆ ಹೋದಾಗ ಡಾಕ್ಟರು ಬೃಂದಾ ಮತ್ತೆ ರಕ್ತ ತೆಗೆಸಿದರು. ಅದೂ ಅದನ್ನೇ ಹೇಳಿತು. "ಕುತ್ತಿಗೇಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತೆ ಅಮ್ಮ. ಅದರ ರಸ ಇದ್ರೇನೇ ಮೂಳೆ, ಮೆದುಳು ಬೆಳೆಯೋದು. ಈ ಮಗೂಗೆ ಅದು ತುಂಬಾ ಕಡಿಮೆ. ಅಳದೇ ಇದ್ದಿದ್ದು ಅದಕ್ಕೇ. ಇಷ್ಟು ದಿನ ಎಲ್ಲಿದ್ರಿ?" ಸೊಸೆ ಲಕ್ಷ್ಮಿದೇವಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

"ಎಲ್ಲಾರಂಗ ಶಾಣ್ಯಾ ಆಗ್ತಾಳ್ರೀ?" ಎಂದೆ.

"ಮಾತ್ರೆ ಒಂದು ದಿನವೂ ತಪ್ಪಿಸ್ಬೇಡಿ, ಬೆಳೀತಾಳೆ. ಸ್ವಲ್ಪ ತಡ ಆಗಿದೆ, ನೋಡ್ತಾ ಹೋಗೋಣ."

ಆ 'ನೋಡ್ತಾ ಹೋಗೋಣ' ಕೇಳಿದಾಗಿನಿಂದ ಗುಳಿಗೆಯ ಡಬ್ಬಿಯನ್ನು ನನ್ನ ತಲೆದಿಂಬಿನ ಕೆಳಗೇ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಗುಳಿಗೆ ಪುಡಿ ಮಾಡಿ, ತಾಯಿಹಾಲಿನಲ್ಲಿ ಕಲಸಿ ನಾನೇ ಚಮಚೆಯಿಂದ ಕುಡಿಸುತ್ತೇನೆ. ಗಲ್ಲದ ಮೇಲೆ ಹನಿ ಹರಿದರೂ ಬೆರಳಿನಿಂದ ಬಾಯಿಗೆ ದೂಡುತ್ತೇನೆ. ಕೂಸು ಮಲಗಿದರೆ ಹೆದರಿಕೆ. ಅಂಗಾಲಿಗೆ ಕಚಗುಳಿ ಇಟ್ಟು ಎಬ್ಬಿಸುತ್ತೇನೆ. "ಮಲಗ್ಲಿ ಬಿಡ್ರೀ ಅತ್ತಿ, ನನ್ನ ಕೂಸಿನ ಜೀವಾ ತಿಂತೀರಲ್ಲ" ಎಂದು ಸೊಸೆ ಬೈಯುತ್ತಾಳೆ. ಬೈಯಲಿ. ಸಾಲುಮನೆಯವರೆಲ್ಲ ಎದ್ದು ಜಗಳಕ್ಕೆ ಬರುವ ಹಾಗೆ ಅಳಿಸಪ್ಪಾ ಶಿವನೇ ಎಂದು ಕೈ ಮುಗಿಯುತ್ತೇನೆ.

ಮನೆಯ ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ಶಿವ ಎಲ್ಲರನ್ನೂ ಕಾಯಲಿ.

ನಿನ್ನ ತಂಗಿ
ಅಯ್ಯಮ್ಮ

ತಾ.ಕ.: ಅಕ್ಕ, ನಿನ್ನ ಮಗಳು ಗಂಗಾ ಕೂಡ ಹುಟ್ಟಿದಾಗ ಅಳುತ್ತಿರಲಿಲ್ಲ. ಮೂವತ್ತಾದರೂ ನಿನ್ನ ಸೊಂಟದೆತ್ತರಕ್ಕೇ ನಿಂತಿದ್ದಾಳೆ, 'ಅವ್ವಾ' ಎನ್ನುವುದೊಂದೇ ಮಾತು. ದೇವರು ಕೊಟ್ಟದ್ದು ಎಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು. ಅವಳ ಬಗ್ಗೆ ಡಾಕ್ಟರನ್ನು ಕೇಳಬೇಕೆಂದು ಬಾಗಿಲವರೆಗೆ ಹೋಗಿ ವಾಪಸು ಬಂದೆ. ಒಂದು ಗುಳಿಗೆಯಲ್ಲಿ ಮುಗಿಯುತ್ತಿತ್ತು ಎಂದು ಅವರು ಹೇಳಿಬಿಟ್ಟರೆ, ಅದನ್ನು ನಿನಗೆ ಯಾವ ಬಾಯಿಂದ ಹೇಳಲಿ? ಕೇಳಲೋ ಬೇಡವೋ, ನೀನೇ ಹೇಳು.