ಸೋಸಿದ ನೀರು

ನೀರು ಸರಬರಾಜು ಕಚೇರಿಯ ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಕುಡಿಯುವ ನೀರಿನ ಕೆರೆಗೆ ಗುತ್ತಿಗೆದಾರ ಮೀನು ಬಿಟ್ಟಿದ್ದಾನೆಂದು ವರದಿ ಬರೆದದ್ದಕ್ಕೆ ನನ್ನ ಮಗಳನ್ನು ಪ್ರಯೋಗಾಲಯದ ಕೆಲಸದಿಂದ ಅಮಾನತು ಮಾಡಿದ್ದೀರಿ. ಹನ್ನೊಂದು ವರ್ಷದ ಹಿಂದೆ ಇದೇ ಕೆರೆ ಪಾಚಿಗಟ್ಟಿದಾಗಲೂ ನಿಮ್ಮ ಕಚೇರಿ ಮೀನಿಲ್ಲವೆಂದೇ ಸಾಧಿಸಿತ್ತು. ನಾನು ಮರೆತಿಲ್ಲ.

ಮೊನ್ನೆ ಕೆರೆಯ ನೀರು ಸೋಸಿ, ಬಾಟಲಿಗೆ ಮುದ್ರೆ ಒತ್ತಿ, "ನಿಮ್ಮಪ್ಪ ಜೀವಶಾಸ್ತ್ರದ ಮೇಷ್ಟ್ರಲ್ವೇನಮ್ಮಾ, ಇದರಲ್ಲಿ ಮೀನು ಹುಡುಕ್ಲಿ" ಎಂದು ಅವಳ ಕೈಗೆ ಕೊಟ್ಟಿರಿ. ಹುಡುಕಿದೆ. ಎಳ್ಳಿನಷ್ಟಿರುವ ನೀರುಚಿಗಟಗಳನ್ನು ಎರಡು ಜಾಡಿಯಲ್ಲಿ ಸಾಕಿದ್ದೇನೆ. ಪಾಚಿ ತಿಂದು ನೀರನ್ನು ತಿಳಿಯಾಗಿಡುವುದು ಇವೇ, ಮೀನು ಮೊದಲು ನುಂಗುವುದೂ ಇವನ್ನೇ. ಬಾವಿನೀರು ಸುರಿದ ಜಾಡಿಯಲ್ಲಿ ಅವು ಹಗಲಿಡೀ ಮೇಲೆಯೇ ಆಡಿಕೊಂಡಿದ್ದವು. ನಿಮ್ಮ ನೀರು ಸುರಿದ ಜಾಡಿಯಲ್ಲಿ ಗಂಟೆಯೊಳಗೆ ತಳ ಸೇರಿ ಅಡಗಿದವು. ಮೀನನ್ನು ಸೋಸಬಹುದು ಸ್ವಾಮಿ, ಅದರ ವಾಸನೆಯನ್ನಲ್ಲ.

ಸಾಕ್ಷಿಯಿಲ್ಲದೆ ಮುದ್ರೆ ಒಡೆದದ್ದು ನನ್ನ ತಪ್ಪು. ಆ ಬಾಟಲಿ ಇನ್ನು ವಿಚಾರಣೆಯಲ್ಲಿ ನಿಲ್ಲದು. ವಿಚಾರಣೆಯನ್ನೋ ನೀವು ಮುಂದಿನ ತಿಂಗಳಿಗೆ ತಳ್ಳಿದ್ದೀರಿ. ಅಷ್ಟರಲ್ಲಿ ಬಲೆ ಬೀಸಿ ಮೀನೆತ್ತಿದರೆ ನೀರಿನ ವಾಸನೆಯೂ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ, ಮಗಳು ಸುಳ್ಳಿಯಾಗುತ್ತಾಳೆ.

ಆದ್ದರಿಂದ ನಾಳೆ ಬೆಳಕಿರುವಾಗಲೇ ಮನೆಗೆ ಬನ್ನಿ; ಕತ್ತಲಾದರೆ ಮೀನಿನ ಕಣ್ಣಿಗೆ ಬೀಳುವ ಭಯವಿಲ್ಲದೆ ಚಿಗಟಗಳು ಹೇಗೂ ಮೇಲೇರುತ್ತವೆ. ಕೆರೆಯ ನೀರು ನೀವೇ ತನ್ನಿ, ನೀವೇ ಸೋಸಿ, ನೀವೇ ಸುರಿಯಿರಿ. ಚಿಗಟಗಳು ಮೇಲೆಯೇ ಉಳಿದರೆ ಮಗಳು ರಾಜೀನಾಮೆ ಕೊಡುತ್ತಾಳೆ; ಬರೆದು ಮೇಜಿನ ಮೇಲಿಟ್ಟಿದ್ದಾಳೆ. ತಳ ಸೇರಿದರೆ ಪಕ್ಕದಲ್ಲೇ ಅವಳ ವರದಿಯಿದೆ, ಅದಕ್ಕೆ ಸಹಿ ಹಾಕಿ.

ಇಂತಿ,
ನಿಮ್ಮದೇ ನಲ್ಲಿಯ ನೀರು ಕುಡಿಯುವ
ನಿವೃತ್ತ ಮೇಷ್ಟ್ರು